ವನಜಳ ಕುಂಡಗಳು

ಆಗ ನನಗೆ ಒಂಬತ್ತು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ತಮಿಳುಸೀಮೆಯ ಪೆರಂಬೂರಿನಲ್ಲಿ ರೈಲ್ವೆ ಕ್ವಾರ್ಟರ್ಸು, ಅಪ್ಪ ವರ್ಕ್‌ಶಾಪಿನಲ್ಲಿ ಫಿಟ್ಟರು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಒಂದು ಅಂಗಳ. ಮುಂದಿನ ಕೋಣೆಯಲ್ಲಿ ಅಪ್ಪನ ಸೈಕಲ್ಲು ನಿಲ್ಲುತ್ತಿತ್ತು, ಅದರ ಪಕ್ಕದಲ್ಲೇ ಅಪ್ಪ ಮಲಗುತ್ತಿದ್ದ. ಒಳಕೋಣೆಯಲ್ಲಿ ಅಮ್ಮ, ಅಕ್ಕ ವನಜ, ನಾನು, ಮೂವರಿಗೂ ಒಂದೇ ಚಾಪೆ. ಹಿಂದಿನ ಅಂಗಳ ಮನುಷ್ಯರದ್ದಲ್ಲ, ಸೇವಂತಿಗೆ ಕುಂಡಗಳದ್ದು. ಬಟ್ಟೆ ಒಣಹಾಕಲು ಅಲ್ಲಿ ಜಾಗವಿರಲಿಲ್ಲ, ಒದ್ದೆ ಸೀರೆಗಳು ಒಲೆಯ ಮೇಲೆಯೇ ತೂಗುತ್ತಿದ್ದವು. ಕಡಲೆಕಾಯಿ ಹಿಂಡಿಯನ್ನು ಮಡಕೆಯಲ್ಲಿ ಕೊಳೆಸಿ ಆ ನೀರನ್ನು ಗಿಡಕ್ಕೆ ಹಾಕುತ್ತಾರೆ. ಆ ನಾತ ನಮ್ಮ ಸೀರೆಗೂ ಹತ್ತಿತ್ತು, ಅನ್ನಕ್ಕೂ ಹತ್ತಿತ್ತು. ಯಾರಾದರೂ ಹೂವಿನ ಮನೆ ಅಂದರೆ ನನಗೆ ಮೊದಲು ನೆನಪಾಗುವುದು ಆ ನಾತ.

ಇಷ್ಟೆಲ್ಲ ಯಾಕೆಂದರೆ ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದಮೇಲೆ, ಪಟ್ಟಣದೊಳಗೆ ಒಂದು ದೊಡ್ಡ ತೋಟದಲ್ಲಿ ಹೂವಿನ ಪ್ರದರ್ಶನ ಆಗುತ್ತಿತ್ತು. ಈಗಲೂ ಆಗುತ್ತದೆ. ಈ ಸಲ ಮೊಮ್ಮಗಳು, ಈಗ ನಾವಿರುವ ಪೋರೂರಿನಿಂದ, ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಹೂವಿನಲ್ಲೇ ಆನೆ ಮಾಡಿದ್ದರು, ನವಿಲು ಮಾಡಿದ್ದರು. ಜನ ಹೂವು ನೋಡುತ್ತಿರಲಿಲ್ಲ, ಹೂವಿಗೆ ಬೆನ್ನು ಹಾಕಿ ಫೋನು ನೋಡುತ್ತಿದ್ದರು. ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳು.

"ಪಾಟಿ, ಯಾನೆ ಪಕ್ಕತ್ತುಲ ನಿಲ್ಲು. ಕೊಂಜಂ ಸಿರಿ."

ಆನೆಯ ಪಕ್ಕ ನಿಂತೆ. ನಗಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ಯಾವುದೋ ಮಗು ತಪ್ಪಿಸಿಕೊಂಡಿದೆ ಎಂದು ಹೆಸರು ಕೂಗಿದರು. ಕೂರಲು ಕುರ್ಚಿ ಕೇಳಿದೆ. ಬಿಸಿಲಿಗೆ ಹಾಗಾಯಿತು ಎಂದು ಮೊಮ್ಮಗಳು ನೀರು ತಂದುಕೊಟ್ಟಳು. ಬಿಸಿಲೇ ಅಂದುಕೊಳ್ಳಲಿ.

ನಮ್ಮ ಅಂಗಳದ ಕುಂಡಗಳೆಲ್ಲ ವನಜಳದ್ದು. ಅವಳಿಗೆ ಹನ್ನೆರಡು. ಐದನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟಿದ್ದಳು. ಅಮ್ಮ ಬಿಡಿಸಿದಳು, ಅವಳೂ ಅತ್ತವಳಲ್ಲ. ಬೆಳಗ್ಗೆ ಎದ್ದವಳೇ ಅಂಗಳಕ್ಕೆ ಹೋಗುತ್ತಿದ್ದಳು. ಸೇವಂತಿಗೆಗೆ ಮೊಗ್ಗು ಬಂದಾಗ ಒಂದು ಕಡ್ಡಿಗೆ ಒಂದೇ ಮೊಗ್ಗು ಬಿಡಬೇಕು, ಸುತ್ತಲಿನದ್ದನ್ನೆಲ್ಲ ಉಗುರಿನಲ್ಲಿ ಚಿವುಟಿ ಎಸೆಯಬೇಕು. ಆಗ ಉಳಿದದ್ದು ಊಟದ ತಟ್ಟೆಯಷ್ಟಾಗುತ್ತದೆ. ಆ ಕೆಲಸ ಬೇರೆಯವರಿಗೆ ಕೊಡುತ್ತಿರಲಿಲ್ಲ. ಅಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಅಮ್ಮ ಸುಮ್ಮನೆ ಕೂತು ಒಂದನ್ನು ನೋಡಿದ್ದು ಅದೊಂದೇ. ಪ್ರದರ್ಶನದಲ್ಲಿ ಮಕ್ಕಳ ಕುಂಡಕ್ಕೆ ಬೇರೆ ಬಹುಮಾನ ಇತ್ತು, ವನಜ ಅದನ್ನು ಗೆದ್ದು ತಂದಿದ್ದ ಬಟ್ಟಲನ್ನು ಅಮ್ಮ ದೇವರ ಪಕ್ಕ ಇಟ್ಟಿದ್ದಳು. ನಾನು ಅಂಗಳಕ್ಕೆ ಕಾಲಿಟ್ಟರೆ ಜಗಳ.

"ಭದ್ರೀ, ಆ ಕುಂಡ ಮುಟ್ಟಿದ್ರೆ ಕೈ ಮುರೀತೀನಿ ನೋಡು."

"ಮುರಿಯೇ ನೋಡಣ. ನಿನ್ ಹೂವು ನೀನೇ ತಿನ್ಕೋ."

ನನ್ನ ಹೆಸರು ಭದ್ರಮ್ಮ. ಅಪ್ಪನ ತಾಯಿಯ ಹೆಸರು. ನಾನು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಆ ಮುದುಕಿ ತೀರಿಕೊಂಡಿದ್ದರಿಂದ ಹೆಸರು ನನಗೆ ಬಂತು. ನಮ್ಮದು ಕೋಲಾರದ ಕಡೆ. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಆಡಬಾರದು, ಅತ್ತೆ ಸತ್ತಮೇಲೂ ಆಡಬಾರದು. ಹಾಗೆ ಹೆಸರಿಟ್ಟ ಮಗುವನ್ನು ಬೇರೆ ಮನೆಗಳಲ್ಲಿ ಅಮ್ಮಯ್ಯ, ಅಮ್ಮಣ್ಣಿ ಎಂದು ಏನಾದರೂ ಒಂದು ಕರೆಯುತ್ತಾರೆ. ನಮ್ಮಮ್ಮ ಅಷ್ಟು ತೊಂದರೆ ತೆಗೆದುಕೊಳ್ಳಲಿಲ್ಲ. ವನಜ ದೊಡ್ಡದು, ನಾನು ಚಿಕ್ಕದು. "ಏ ಚಿಕ್ಕದೇ, ನೀರು ತಾ" ಅನ್ನುವಳು. ಅಪ್ಪನಿಗೆ ಅದು ತಾಯಿಯ ಹೆಸರು, ಕೂಗಲು ಬಾಯಿ ಬಾರದು, ಅವನು ನನ್ನನ್ನು ಅವ್ವಾ ಅನ್ನುತ್ತಿದ್ದ. ಮನೆಯಲ್ಲಿ ನನ್ನ ಹೆಸರು ಹಿಡಿದು ಕರೆಯುತ್ತಿದ್ದವಳು ವನಜ ಒಬ್ಬಳೇ, ಅದೂ ಬೈಯಲಿಕ್ಕೆ.

ಅವಳು ಸತ್ತದ್ದು ಮಳೆಗಾಲದಲ್ಲಿ. ಪೆರಂಬೂರಿನಲ್ಲಿ ಮಳೆ ಅಂದರೆ ಬೀದಿಯೇ ಚರಂಡಿ. ಜ್ವರ ಬಂತು, ಇಳಿಯಲಿಲ್ಲ, ರೈಲ್ವೆ ಆಸ್ಪತ್ರೆಗೆ ಅಪ್ಪ ಎತ್ತಿಕೊಂಡು ಹೋದ, ವಾಪಸು ಬರುವಾಗಲೂ ಎತ್ತಿಕೊಂಡೇ ಬಂದ. ಇದನ್ನು ಬೆಳೆಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಕುಂಡಗಳಲ್ಲಿ ಆಗ ತಾನೇ ಮೊಗ್ಗು ಬಂದಿದ್ದವು. ಹದಿಮೂರನೇ ದಿನದ ಊಟ ಮುಗಿದು ನೆಂಟರು ಹೋದಮೇಲೆ ಅಮ್ಮ ಅಂಗಳಕ್ಕೆ ಹೋಗಿ ಮೊಗ್ಗು ಚಿವುಟಲು ಕೂತಳು. ಪಕ್ಕದ ಮನೆಯ ಮುನಿಯಮ್ಮ ಗೋಡೆಯ ಮೇಲಿಂದ ನೋಡಿದಳು. ಅವಳು ತಮಿಳರವಳು, ನಮ್ಮ ಜೊತೆ ಇದ್ದು ಇದ್ದು ಅರ್ಧ ಕನ್ನಡ ಕಲಿತಿದ್ದಳು.

"ಈ ವರ್ಷ ಬಿಟ್ಬಿಡಮ್ಮಾ. ಊರೆಲ್ಲ ಏನ್ ಹೇಳುತ್ತೆ?"

"ಗಿಡ ಮೊಗ್ಗು ಬಿಟ್ಟಿದೆ. ಅದಕ್ಕೇನ್ ಗೊತ್ತು?" ಅಂದಳು ಅಮ್ಮ.

ಸಂಕ್ರಾಂತಿ ಕಳೆದು ಪ್ರದರ್ಶನಕ್ಕೆ ಕುಂಡ ಹೋಯಿತು. ಹೆಸರನ್ನು ವನಜಳೇ ಮುಂಚೆ ಕೊಟ್ಟುಬಂದಿದ್ದಳು, ಅದನ್ನು ಯಾರೂ ಬದಲಾಯಿಸಿರಲಿಲ್ಲ. ಸಂಜೆ ಬಹುಮಾನ ಕೊಡುವಾಗ ಮೈಕಿನಲ್ಲಿ ಕೂಗಿದರು.

"ಸೆಲ್ವಿ ವನಜಾ, ಮೇಡೈಕ್ಕು ವರವುಂ."

ಕುಮಾರಿ ವನಜಾ ವೇದಿಕೆಗೆ ಬರಬೇಕು ಎಂದು. ಯಾರು ಹೋಗಬೇಕು? ಮತ್ತೆ ಕೂಗಿದರು. ಅಮ್ಮನ ಮುಖ ನೋಡಿದೆ. ಅವಳು ನನ್ನ ಬೆನ್ನಿಗೆ ಕೈ ಹಾಕಿ ದೂಡಿದಳು. ಹೋದೆ. ಒಬ್ಬ ದೊಡ್ಡಮನುಷ್ಯರು ಬಟ್ಟಲು ಕೊಟ್ಟು, ವನಜಾ, ನಿನ್ನ ಕೈಗುಣ ಚೆನ್ನಾಗಿದೆ ಎಂದು ತಮಿಳಿನಲ್ಲಿ ಹೇಳಿ ಗಲ್ಲ ಚಿವುಟಿದರು. ಜನ ಚಪ್ಪಾಳೆ ಹೊಡೆದರು. ಅಷ್ಟು ಜನ ಒಂದು ಹೆಸರಿಗೆ ಚಪ್ಪಾಳೆ ಹೊಡೆದಮೇಲೆ ಅದು ಸುಳ್ಳು ಅಂತ ಹೇಳುವುದು ಹೇಗೆ? ಅಮ್ಮನಿಗೂ ಹಾಗೇ ಆಗಿರಬೇಕು. ಮನೆಗೆ ಬಂದು ಎಲೆ ಹಾಕುತ್ತಾ ಅಂದಳು:

"ವನಜಾ, ಕೈ ತೊಳ್ಕೊಂಡು ಬಾ."

ಅಪ್ಪ ತುತ್ತು ಎತ್ತಿದ್ದವನು ಹಾಗೇ ನಿಲ್ಲಿಸಿದ. ಅಮ್ಮನನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ತುತ್ತು ಬಾಯಿಗೆ ಹಾಕಿಕೊಂಡ. ಅಪ್ಪ ಕೆಟ್ಟವನಲ್ಲ. ಆದರೆ ಅವತ್ತು ಆ ತುತ್ತು ನುಂಗಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವತ್ತು ಒಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಮುಗಿಯಲಿಲ್ಲ. ಬೆಳಗಾದರೆ ವನಜಾ, ಸಂಜೆಯಾದರೆ ವನಜಾ. ವನಜಳ ಪಾವಾಡೆಗೆ ಅಮ್ಮ ಮಡಿಕೆ ಹಾಕಿ ಹೊಲಿದು ನನಗೆ ಉಡಿಸಿದಳು. ನನಗೆ ಒಂದು ಜಡೆ, ಅವಳಿಗೆ ಎರಡು. ನನ್ನ ಕೂದಲು ಎರಡಕ್ಕೆ ಸಾಲದು, ಆದರೂ ಎಳೆದು ಕಟ್ಟಿದಳು. ವನಜ ಹಾಗಲಕಾಯಿ ಗೊಜ್ಜನ್ನು ಬೆಲ್ಲವಿಲ್ಲದೆ ತಿನ್ನುತ್ತಿದ್ದಳು. ನನಗೆ ಬಾಯಿಗಿಟ್ಟರೆ ವಾಂತಿ. ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಬಾಯಿ ಒರೆಸಿ ಮತ್ತೆ ಬಡಿಸಿದಳು.

"ನಿಂಗೆ ಇಷ್ಟ ಅಲ್ವೇನೇ, ತಿನ್ನು."

ಹೊಡೆದಿದ್ದರೆ ಚೆನ್ನಾಗಿತ್ತು. ಅಷ್ಟು ಮೆತ್ತಗೆ ಅಮ್ಮ ನನ್ನ ಜೊತೆ ಯಾವತ್ತೂ ಮಾತಾಡಿದವಳಲ್ಲ. ಆ ಮೆತ್ತನೆಯ ದನಿ ನನ್ನದಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಬೇಕು ಅನಿಸುತ್ತಿತ್ತು. ಹಾಗಲಕಾಯಿ ನುಂಗುವುದನ್ನು ಕಲಿತೆ.

ಆಮೇಲೆ ಶಾಲೆ. ನಾನು ಮೂರನೇ ಕ್ಲಾಸು. ಒಂದು ಸೋಮವಾರ ಚೀಲ ಹುಡುಕಿದರೆ ಚೀಲವಿಲ್ಲ. ಅಮ್ಮ ಅದರಲ್ಲಿ ಬೇಳೆ ತುಂಬಿಸಿ ಮೊಳೆಗೆ ತಗುಲಿಹಾಕಿದ್ದಳು.

"ನಿಂದು ಐದನೇ ಕ್ಲಾಸು ಆಯ್ತಲ್ಲ, ಇನ್ಯಾಕೆ ಸ್ಕೂಲು? ಗಿಡ ನೋಡ್ಕೋ."

ಅಪ್ಪ ಕೆಲಸ ಬಿಟ್ಟು ಬರುವ ದಾರಿಯಲ್ಲಿ ಹೋಗಿ ನಿಂತೆ. ಸೈಕಲ್ಲು ಇಳಿದು ನನ್ನ ಜೊತೆ ನಡೆದ.

"ಅಪ್ಪಾ, ನಾನ್ ಸ್ಕೂಲಿಗೆ ಹೋಗ್ಬೇಕು."

"ಸ್ವಲ್ಪ ದಿನ ಅವ್ವಾ. ಅವ್ಳ ಮನಸ್ಸು ಒಂದ್ ಹದಕ್ಕೆ ಬರ್ಲಿ."

"ಎಷ್ಟ್ ದಿನ?"

"ಅವ್ಳು ಅನ್ನ ಮಾಡ್ತಾ ಇದಾಳೆ, ಸ್ನಾನ ಮಾಡ್ತಾ ಇದಾಳೆ. ಅದನ್ನೂ ಬಿಟ್ರೆ ನಾನೇನ್ ಮಾಡ್ಲಿ ಹೇಳು?"

ಮನೆ ಬರುವವರೆಗೆ ಸೈಕಲ್ಲಿನ ಪಕ್ಕದಲ್ಲೇ ನಡೆದೆ. ಮುನಿಯಮ್ಮ ಒಬ್ಬಳೇ ನನ್ನನ್ನು ಕಂಡರೆ ತಮಾಷೆ ಮಾಡುತ್ತಿದ್ದಳು.

"ಎನ್ನಡೀ ಭದ್ರಾ, ಪ್ರಮೋಷನ್ ಕೆಡಚ್ಚುದಾ? ನನ್ ಗಂಡಂಗೆ ಹತ್ತು ವರ್ಷ ಆಯ್ತು, ಇನ್ನೂ ಕಲಾಸಿನೇ."

ಪ್ರಮೋಷನ್ ಸಿಕ್ಕಿತಾ ಎಂದು. ಕಲಾಸಿ ಅಂದರೆ ಎಲ್ಲರಿಗಿಂತ ಕೆಳಗಿನ ಕೆಲಸದವನು, ರೈಲ್ವೆಯವರ ತಮಾಷೆ ಅದು. ನಾನು ನಕ್ಕೆ. ಆಮೇಲೆ ಅಮ್ಮ ಅವಳ ಜೊತೆ ಮಾತು ಬಿಟ್ಟಳು, ನಾನೂ ಬಿಡಬೇಕಾಯಿತು. ಅಲ್ಲಿಗೆ ಭದ್ರಾ ಅನ್ನುವವರು ಯಾರೂ ಉಳಿಯಲಿಲ್ಲ.

ದೆವ್ವ ಭೂತ ನಾನು ನಂಬುವವಳಲ್ಲ. ಆದರೆ ಕಂಡದ್ದನ್ನು ಹೇಳಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಕೈ ತಾನಾಗಿಯೇ ಗಿಡದ ಕೆಲಸ ಮಾಡತೊಡಗಿತು. ಯಾವ ಕುಡಿ ಕತ್ತರಿಸಬೇಕು, ಯಾವ ಕುಂಡ ನೆರಳಿಗೆ ಎಳೆಯಬೇಕು, ಯಾರೂ ಹೇಳಿಕೊಟ್ಟಿರಲಿಲ್ಲ. ವನಜ ನೀರು ಹಾಕುವಾಗ ನಾಲಿಗೆಯ ತುದಿ ಹೊರಗೆ ಹಾಕುತ್ತಿದ್ದಳು. ಒಂದು ದಿನ ನನ್ನ ನಾಲಿಗೆ ಹೊರಗಿತ್ತು. ಇನ್ನೊಂದು ದಿನ, ದೀಪ ಹಚ್ಚುವ ಹೊತ್ತು, ನಾನು ಕುಂಡಗಳ ಮಧ್ಯೆ ಬಗ್ಗಿದ್ದೆ. ಅಪ್ಪ ಹಿಂದಿನ ಬಾಗಿಲಿಗೆ ಬಂದವನು ನನ್ನನ್ನು ನೋಡಿ ಟಿಫಿನ್ ಕ್ಯಾರಿಯರ್ ಕೈಬಿಟ್ಟ. ಡಬ್ಬಿಗಳು ಉರುಳಿಕೊಂಡು ಹೋದವು. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ನಾನಪ್ಪಾ," ಅಂದೆ.

"ನಾನು ಅಂದ್ರೆ ಯಾರು?" ಅಂದ.

ಬಾಯಿ ತೆರೆದೆ. ಡಬ್ಬಿ ಎತ್ತಿಕೊಂಡು ಒಳಗೆ ಹೋದೆ. ಚಾಪೆಯ ಮೇಲೆ ನನ್ನ ಜಾಗ ಗೋಡೆಯ ಕಡೆ, ವನಜಳದ್ದು ಅಮ್ಮನ ಕಡೆ. ಈಗ ನಾನು ಅಮ್ಮನ ಕಡೆ ಮಲಗುತ್ತಿದ್ದೆ. ಗೋಡೆಯ ಕಡೆ ಖಾಲಿ ಇರುತ್ತಿತ್ತು. ಆ ಖಾಲಿಯನ್ನು ನೋಡಿದರೆ, ಸತ್ತದ್ದು ಅಲ್ಲಿ ಮಲಗುತ್ತಿದ್ದವಳು ಅನಿಸುತ್ತಿತ್ತು.

ಅದನ್ನು ಬಾಯಿಬಿಟ್ಟು ಹೇಳಿದವಳು ಅಮ್ಮನೇ. ರೇಷನ್ ಕ್ಯೂನಲ್ಲಿ ನಿಂತಿದ್ದೆವು. ಹೊಸದಾಗಿ ಕ್ವಾರ್ಟರ್ಸಿಗೆ ಬಂದಿದ್ದ ಒಬ್ಬ ಹೆಂಗಸು ಕನ್ನಡದವಳು ಅಂತ ಗೊತ್ತಾಗಿ ಮಾತಿಗೆ ಬಂದಳು, ಎಷ್ಟು ಮಕ್ಕಳು ಎಂದು ಕೇಳಿದಳು.

"ಎರಡಿತ್ತು," ಅಂದಳು ಅಮ್ಮ. "ಚಿಕ್ಕದು ಹೋಯ್ತು."

"ಅಯ್ಯೋ ಪಾಪ. ಏನಾಗಿತ್ತು?"

"ಜ್ವರ."

ಆ ಹೆಂಗಸು ನನ್ನ ತಲೆ ಸವರಿ, ತಂಗಿ ಇಲ್ಲದೆ ನಿನಗೂ ಬೇಜಾರು ಅಲ್ವಾ ಅಂದಳು. ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಹೂಂ ಅಂದೆ. ನಾನು ಸತ್ತ ಸುದ್ದಿ ಕೇಳಿ ನಾನೇ ಹೂಂ ಅಂದವಳು. ಅವತ್ತಿನಿಂದ ನನಗೆ ಭಯ ಹಿಡಿಯಿತು. ವನಜಳ ಭಯವಲ್ಲ. ಹೀಗೇ ಇದ್ದರೆ ನಾನು ಮತ್ತೆ ಬರುವುದಿಲ್ಲ ಅನ್ನುವ ಭಯ. ಮನೆಯಲ್ಲಿ ಯಾರೂ ಇಲ್ಲದಾಗ ಅಡುಗೆಮನೆಯ ಮೂಲೆಯಲ್ಲಿ ನಿಂತು ನನ್ನ ಹೆಸರನ್ನು ನಾನೇ ಹೇಳಿಕೊಳ್ಳುತ್ತಿದ್ದೆ. ಯಾರದೋ ಹೆಸರು ಹೇಳಿದ ಹಾಗೆ ಕೇಳುತ್ತಿತ್ತು.

ಮತ್ತೆ ಸಂಕ್ರಾಂತಿ ಬಂತು, ಪ್ರದರ್ಶನ ಬಂತು. ಆ ವರ್ಷದ ಹೂವು ಬಿಳಿಯದು. ಅಷ್ಟು ದೊಡ್ಡ ಸೇವಂತಿಗೆಯನ್ನು ನಾನು ಮತ್ತೆ ನೋಡಿಲ್ಲ, ಈ ವರ್ಷದ ಪ್ರದರ್ಶನದಲ್ಲೂ ಇರಲಿಲ್ಲ. ಅಮ್ಮ ಹೂವಿಗೆ ತೆಳು ಕಾಗದದ ಟೋಪಿ ಹಾಕಿ, ಕುಂಡವನ್ನು ಸೈಕಲ್ ರಿಕ್ಷಾದಲ್ಲಿ ಮಡಿಲಲ್ಲಿ ಇಟ್ಟುಕೊಂಡು ಕೂತಳು, ಕುಲುಕಿದಾಗಲೆಲ್ಲ ಮಗುವಿನ ಕತ್ತು ಹಿಡಿದ ಹಾಗೆ ಕಡ್ಡಿಯನ್ನು ಹಿಡಿದಳು. ನಾನು ಅವಳ ಕಾಲ ಹತ್ತಿರ ಕೂತಿದ್ದೆ. ಎರಡು ದಿನದ ಪ್ರದರ್ಶನ, ಬಹುಮಾನ ಭಾನುವಾರ ಸಂಜೆ, ಅವತ್ತು ಮತ್ತೆ ಹೋದೆವು. ಶಾಮಿಯಾನದೊಳಗೆ ಒದ್ದೆ ಗೋಣಿಯ ವಾಸನೆ, ಸಾಲು ಸಾಲು ಕುಂಡ, ಪ್ರತಿ ಕುಂಡದ ಮುಂದೆ ಒಂದು ಚೀಟಿ. ನಮ್ಮ ಕುಂಡದ ಚೀಟಿ ಓದಿದೆ. ಅಷ್ಟು ತಮಿಳು ಓದಲು ಬರುತ್ತಿತ್ತು. ವನಜಾ ಎಂದಿತ್ತು. ನೋಡಲು ಬಂದಿದ್ದ ಯಾರೋ ಕೇಳಿದರು, ಬೆಳೆಸಿದ್ದು ಈ ಹುಡುಗಿಯಾ ಎಂದು. ಹೌದು, ವನಜಾ, ನನ್ನ ದೊಡ್ಡ ಮಗಳು ಎಂದು ಅಮ್ಮ ಹೇಳುತ್ತಿದ್ದಳು. ನಾನು ಅವಳ ಕೈ ಬಿಟ್ಟೆ.

ಮೊದಲೇ ಯೋಚಿಸಿ ಮಾಡಿದ್ದಲ್ಲ. ಕೈ ಬಿಟ್ಟೆ, ಜನ ಮಧ್ಯೆ ಬಂದರು, ನಡೆದೆ. ತಾವರೆ ತೊಟ್ಟಿ ದಾಟಿ, ಕ್ರೋಟನ್ ಗಿಡಗಳ ಹಿಂದೆ ಹೋಗಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ. ಎದೆಗೆ ರಿಬ್ಬನ್ನು ಚುಚ್ಚಿಕೊಂಡಿದ್ದ ಒಬ್ಬ ಹೆಂಗಸು ನನ್ನನ್ನು ಕಂಡು, ಕೈ ಹಿಡಿದು ವೇದಿಕೆಯ ಪಕ್ಕ ಕರೆದುಕೊಂಡು ಹೋದಳು. ಅಲ್ಲಿ ತಪ್ಪಿಸಿಕೊಂಡ ಮಕ್ಕಳಿಗೆಂದೇ ಒಂದು ಮೇಜು. ಮೇಜಿನ ಹಿಂದೆ ಕನ್ನಡಕದ ಒಬ್ಬರು, ಕೈಯಲ್ಲಿ ಮೈಕು. ನನಗೆ ಪೆಪ್ಪರ್‌ಮಿಂಟು ಕೊಟ್ಟು ಹೆಸರು ಕೇಳಿದರು:

"ಉನ್ ಪೇರ್ ಎನ್ನಮ್ಮಾ?"

ಬಾಯಿ ತೆರೆದೆ. ನಾಲಿಗೆಯ ಮೇಲೆ ಮೊದಲು ಬಂದದ್ದು ವ. ಅದು ಬಂದೇಬಿಟ್ಟಿತ್ತು. ಪೆಪ್ಪರ್‌ಮಿಂಟನ್ನು ಕಚ್ಚಿದೆ, ಅದು ಎರಡಾಯಿತು, ಆ ವ ಅನ್ನು ಅದರ ಜೊತೆ ನುಂಗಿದೆ.

"ಭದ್ರಮ್ಮ," ಅಂದೆ.

ಅವರು ಮೈಕಿನಲ್ಲಿ ಹೇಳಿದರು, ಭದ್ರಮ್ಮ ಎಂಬ ಹುಡುಗಿ, ಹಸಿರು ಪಾವಾಡೆ, ಎರಡು ಜಡೆ, ಮನೆಯವರು ಬಂದು ಕರೆದುಕೊಂಡು ಹೋಗಬೇಕು. ತೋಟದ ಎಲ್ಲ ಮರಗಳಿಗೂ ಸ್ಪೀಕರ್ ಕಟ್ಟಿದ್ದರು. ನನ್ನ ಹೆಸರು ಮರಮರದಿಂದಲೂ ಕೇಳಿಸಿತು. ಅಮ್ಮ ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಸೆರಗು ಜಾರಿತ್ತು, ಕಣ್ಣು ಕೆಂಪಗಿತ್ತು. ನನ್ನ ರಟ್ಟೆ ಹಿಡಿದು ಎಳೆದಳು.

"ಬಾ. ನಿನ್ ಹೆಸರು ಕೂಗೋ ಹೊತ್ತಾಯ್ತು."

ಕನ್ನಡಕದವರು ತಡೆದರು. ಮಗುವಿನ ಹೆಸರು ಹೇಳಿ, ಹೇಳಿದಮೇಲೇ ಕೊಡುವುದು ಅಂದರು. ಹೋದ ಸಲ ಯಾರೋ ಬೇರೆಯವರ ಮಗುವನ್ನು ಕರೆದುಕೊಂಡು ಹೋಗಿ ದೊಡ್ಡ ಗಲಾಟೆ ಆಗಿತ್ತಂತೆ.

"ವನಜಾ," ಅಂದಳು ಅಮ್ಮ.

"ಈ ಮಗು ಬೇರೆ ಹೆಸರು ಹೇಳುತ್ತಲ್ಲಮ್ಮಾ." ಅವರದ್ದೆಲ್ಲ ತಮಿಳೇ. ಆಮೇಲೆ ನನ್ನ ಕಡೆ ಬಗ್ಗಿದರು. "ಇವರು ನಿಮ್ಮಮ್ಮನಾ?"

"ಅಮ್ಮನೇ," ಅಂದೆ. "ವನಜಾ ನಾನಲ್ಲ. ವನಜಾ ಸತ್ತುಹೋದಳು."

ತಮಿಳಿನಲ್ಲಿ ಹೇಳಿದೆ. ನಮ್ಮ ಮನೆಯಲ್ಲಿ ಆ ಮಾತನ್ನು ಕನ್ನಡದಲ್ಲಿ ಯಾರೂ ಆಡಿರಲಿಲ್ಲ, ತಮಿಳಿನಲ್ಲಾದರೆ ಬಂತು. ಅಮ್ಮ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು, ಯಾಕೆಂದರೆ ಅದೇ ಹೊತ್ತಿಗೆ ವೇದಿಕೆಯ ಮೈಕು ಕೂಗಿತು.

"ಮೊದಲ್ ಪರಿಸು, ಸೆಲ್ವಿ ವನಜಾ!"

ಮೊದಲ ಬಹುಮಾನ ಅವಳಿಗೇ. ಅಮ್ಮ ಆ ಕಡೆ ತಿರುಗಿದಳು. ಹೆಜ್ಜೆ ಎತ್ತಿದ್ದೂ ಉಂಟು. ಅಲ್ಲಿ ಬಟ್ಟಲು ಹಿಡಿದುಕೊಂಡು ಒಬ್ಬರು ಕಾಯುತ್ತಿದ್ದರು, ನಾನಿಲ್ಲದಿದ್ದರೂ ತಾನೇ ಹೋಗಿ ತೆಗೆದುಕೊಳ್ಳಬಹುದಿತ್ತು. ಮತ್ತೆ ಕೂಗಿದರು. ಕನ್ನಡಕದವರು ಸಣ್ಣ ದನಿಯಲ್ಲಿ ಕೇಳಿದರು.

"ಕೊಳಂದೆ ಪೇರ್ ಸೊಲ್ಲುಂಗಮ್ಮಾ."

ಮಗುವಿನ ಹೆಸರು ಹೇಳಿ ಎಂದು. ಅಮ್ಮ ನಿಂತಿದ್ದಳು. ವೇದಿಕೆಯವರು ಮತ್ತೊಂದು ಸಲ ಕೂಗಿ, ಸುತ್ತ ನೋಡಿ, ಬಟ್ಟಲು ಪಕ್ಕಕ್ಕಿಟ್ಟು, ಎರಡನೇ ಬಹುಮಾನದ ಹೆಸರು ಕೂಗಿದರು. ಯಾವುದೋ ಹುಡುಗ ಓಡಿಹೋದ. ಚಪ್ಪಾಳೆ. ಆಗ ಅಮ್ಮ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡಳು, ಹಿರಿಯರ ಎದುರು ನಿಂತ ಹಾಗೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಏನೋ ಅಂದಳು.

"ಕೇಳಿಸಲಿಲ್ಲಮ್ಮಾ."

"ಭದ್ರಮ್ಮ," ಅಂದಳು. ದನಿ ಹರಿದುಹೋಗಿತ್ತು. "ಭದ್ರಮ್ಮ. ನನ್ ಚಿಕ್ಕ ಮಗಳು. ಭದ್ರಮ್ಮ."

ಅಷ್ಟು ಜೋರಾಗಿ ಯಾಕೆ ಕೂಗಿದಳೋ, ಜನ ತಿರುಗಿ ನೋಡಿದರು. ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅಮ್ಮನ ಜೀವಮಾನಕ್ಕೆ ಅದೇ ಮೊದಲು. ಕೊನೆಯೂ ಅದೇ. ಆಮೇಲೆ ಬಹಳ ವರ್ಷ ಬದುಕಿದಳು, ನನ್ನ ಮದುವೆ ಮಾಡಿದಳು, ಮೊಮ್ಮಕ್ಕಳನ್ನು ಎತ್ತಿಕೊಂಡಳು. ನನ್ನನ್ನು ಇವಳೇ, ಏ ಇವಳೇ ಅಂದಳು. ಸಾಕಾಗಿತ್ತು ನನಗೆ.

ಕುಂಡ ಅಲ್ಲೇ ಬಿಟ್ಟು ಬಸ್ಸು ಹತ್ತಿದೆವು. ಮನೆಗೆ ಬಂದವಳೇ ಅಮ್ಮ ಹಿತ್ತಲ ನಲ್ಲಿಯ ಹತ್ತಿರ ಹೋಗಿ, ಉಟ್ಟ ಸೀರೆಯಲ್ಲೇ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡಳು. ಸಾವಿನ ಮನೆಯ ಸ್ನಾನ ಅದು. ವನಜ ಸತ್ತ ದಿನ ನಾಲ್ಕು ಜನ ಹಿಡಿದು ಇವಳಿಗೆ ನೀರು ಹಾಕಿದ್ದರು, ಈಗ ತಾನೇ ಹಾಕಿಕೊಂಡಳು. ಆಮೇಲೆ ನಲ್ಲಿಯ ಕಟ್ಟೆಯ ಮೇಲೆ ಕೂತು ಅತ್ತಳು. ಗೋಡೆಯಾಚೆ ಮುನಿಯಮ್ಮನ ಮನೆಯ ದೀಪ ಹತ್ತಿತು, ಅವಳು ಬಂದು ನಿಂತಳು. ಅಪ್ಪ ಮುಂಬಾಗಿಲಲ್ಲಿ ಕೂತೇ ಇದ್ದ. ಚಾಪೆ ಹಾಕಿದಮೇಲೆ ನಾನು ಗೋಡೆಯ ಕಡೆ ಮಲಗಿದೆ. ನಡುವೆ ಒಬ್ಬಳು ಮಲಗುವಷ್ಟು ಜಾಗ ಉಳಿಯಿತು. ಅಮ್ಮ ಆ ಜಾಗದ ಮೇಲೆ ಕೈ ಚಾಚಿಕೊಂಡು ಮಲಗಿದಳು. ಅದು ಯಾರ ಕಡೆ ಚಾಚಿದ ಕೈ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಸೋಮವಾರ. ವರ್ಕ್‌ಶಾಪಿನ ಸೈರನ್ನು ಕೂಗುವ ಮುಂಚೆ ಎದ್ದೆ. ಎರಡು ಜಡೆ ಬಿಚ್ಚಿ ಒಂದು ಹಾಕಿಕೊಂಡೆ. ಚೀಲದ ಬೇಳೆಯನ್ನು ಡಬ್ಬಿಗೆ ಸುರಿದು, ಚೀಲ ಕೊಡವಿದೆ. ಒಳಗಿನಿಂದ ಅಮ್ಮ, ನಿದ್ದೆಗಣ್ಣಲ್ಲೋ ಏನೋ, ವನಜಾ, ನೀರು ಹಾಕಿದೆಯಾ ಅಂದಳು. ನಾನು ಪುಸ್ತಕ ಹುಡುಕಿ ಚೀಲಕ್ಕೆ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಎದ್ದು ಬಾಗಿಲಿಗೆ ಬಂದಳು, ನನ್ನನ್ನೂ ಚೀಲವನ್ನೂ ನೋಡಿದಳು. ಅವಳ ಬಾಯಿ ಅಲುಗಿತು, ಯಾವ ಹೆಸರೂ ಬರಲಿಲ್ಲ. ಬರ್ತೀನಮ್ಮ ಎಂದು ಹೇಳಿ ಶಾಲೆಗೆ ಹೋದೆ. ಮೂರನೇ ಕ್ಲಾಸಿನಲ್ಲಿ ಎಲ್ಲರೂ ನನಗಿಂತ ಗಿಡ್ಡ. ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಟೀಚರು ಕೇಳಿದರು. ಮನೆಯಲ್ಲೇ ಇದ್ದೆ ಅಂದೆ. ಹೋಗಿ ಕೂತೆ.